ಒಬ್ಬಳೇ ಬೆಟ್ಟಕ್ಕೆ

"ಬತ್ತೀನಿ ಕಣವ್ವ" ಎಂಬ ಮಾತು ಬಾಯಿಂದ ಆಚೆ ಬಿದ್ದ ಮೇಲೆಯೇ ತಾನು ಹೇಳಿದ್ದೇನೆಂದು ಪುಟ್ಟಮಾದಮ್ಮನಿಗೆ ಗೊತ್ತಾದದ್ದು. ಯಳಂದೂರಿನ ಹುಡುಗಿಯರ ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಳಗಿನ ಉಪ್ಪಿಟ್ಟಿಗೆ ನೀರು ಮರಳುತ್ತಿತ್ತು. ಎದುರಿಗೆ ಬೊಮ್ಮಿ ಮೊರದಿಂದ ರವೆ ಉದುರಿಸುತ್ತಿದ್ದಳು, ಇವಳು ಉದ್ದನೆಯ ಸೌಟಿನಿಂದ ತಿರುವುತ್ತಿದ್ದಳು. ಬೊಮ್ಮಿ ಕೇಳಿದ್ದೂ ಹೊಸದೇನಲ್ಲ. ಬಿಳಿಗಿರಿರಂಗನ ಬೆಟ್ಟದ ಮೇಲೆ ಪೋಡು ಎನ್ನುವ ತಮ್ಮ ಹಾಡಿಯಿಂದ ಈ ಕೆಲಸಕ್ಕೆ ಇಳಿದು ಬಂದ ವರ್ಷದಿಂದಲೂ ಆ ಸೋಲಿಗರ ಹೆಂಗಸು ಯುಗಾದಿ ಹತ್ತಿರವಾದಾಗಲೆಲ್ಲ ಕರೆಯುತ್ತಾಳೆ. "ಉಡ್ಗೀರ್ಗೆಲ್ಲ ಪರೀಕ್ಷೆ ಮುಗೀತದಲ್ಲ ಅಕ್ಕ, ಆಗ ಒಂದಿನ ನಮ್ಮಟ್ಟಿಗ ಬನ್ನಿ. ಕಾಡೆಲ್ಲ ಚಿಗುರಾಗಿರ್ತದ. ನಮ್ಮಣ್ಣ ಮಾದೇವ ಅವ್ನೆ, ಅತ್ಗೆ ಅವ್ಳೆ. ಉಂಡ್ಬುಟ್ಟು ಸಂಜೆ ಬಸ್ಗ ಇಳ್ದು ಬರ್ಬೋದು." ಪ್ರತಿ ಸಲವೂ ಇವಳು "ನಾನೆಲ್ಲಿ ಬರಾನವ್ವ, ಮನೇಲಿ ನಮ್ಮೆಜಮಾನ್ರನ್ನ ಯಾರು ನೋಡ್ಕತಾರೆ" ಎನ್ನುತ್ತಾಳೆ, ಬೊಮ್ಮಿ "ಅದೂ ದಿಟವೆ" ಎನ್ನುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಈ ಸಲ ಸೌಟು ತಿರುವುವ ಕೈ ನಿಲ್ಲಲೂ ಇಲ್ಲ, ಮನಸ್ಸನ್ನು ಯಾರೂ ಕೇಳಲೂ ಇಲ್ಲ, ಬಾಯಿ ತನ್ನ ಪಾಡಿಗೆ ಬತ್ತೀನಿ ಎಂದುಬಿಟ್ಟಿತ್ತು. ಗಾಬರಿಯಾದವಳು ಬೊಮ್ಮಿಯೇ. "ದಿಟವಾಗ್ಲೂನಾ ಅಕ್ಕ?" ಎಂದಳು. ಪುಟ್ಟಮಾದಮ್ಮ ತಳ ಹತ್ತೀತೆಂದು ಒಲೆಯ ಉರಿ ಸಣ್ಣ ಮಾಡಿದಳು.

ಹುಡುಗಿಯರ ತಟ್ಟೆಗೆ ಬಡಿಸುವಾಗ ಅವಳ ಕಣ್ಣು ಮತ್ತೆ ಮತ್ತೆ ಹಿತ್ತಲ ಬಾಗಿಲಿಗೆ ಹೋಯಿತು. ಅಲ್ಲಿಂದ ಬೆಟ್ಟ ಕಾಣುತ್ತದೆ. ಹೊನ್ನೂರಿಗೆ ಸೊಸೆಯಾಗಿ ಬಂದಾಗಿನಿಂದ ಅದು ಹಾಗೆಯೇ ಅಲ್ಲಿದೆ, ದಿನಾ ಕಣ್ಣಿಗೆ ಬಿದ್ದು ಬಿದ್ದು ಕಾಣದಂತಾಗಿದೆ. ಮದುವೆಯಾದ ಹೊಸದರಲ್ಲಿ ಒಮ್ಮೆ, ಮಗಳ ಮುಡಿ ಕೊಡಲು ಒಮ್ಮೆ ಅವಳು ಅದನ್ನು ಹತ್ತಿದ್ದಳು. ಮೊದಲ ಸಲ ತಲೆ ತಗ್ಗಿಸಿಕೊಂಡು ಅತ್ತೆಯ ಹಿಮ್ಮಡಿ ನೋಡುತ್ತ ನಡೆದಿದ್ದೇ ನೆನಪು. ಎರಡನೆಯ ಸಲ ಬೋಳಾದ ತಲೆಯ ಮಗು ಚೀರಿ ಚೀರಿ ಅತ್ತು, ಅದಕ್ಕೆ ನೆರಳು, ನೀರು, ಬಿಸ್ಕತ್ತು ಹುಡುಕುವುದರಲ್ಲಿ ಹೊತ್ತು ಮುಳುಗಿತ್ತು. ಆ ಮಗು ಈಗ ಹನೂರಿನಲ್ಲಿ ತನ್ನ ಗಂಡನ ಮನೆಯಲ್ಲಿ ತನ್ನ ಎಳೆಗೂಸನ್ನು ಹಿಡಿದುಕೊಂಡು ಕೂತಿದೆ. ಬೆಟ್ಟದ ಮೇಲೆ ಮರಗಳಿದ್ದವೇ, ಅವು ಎಂಥವು, ಅವಳಿಗೆ ಗೊತ್ತಿಲ್ಲ. ಬೊಮ್ಮಿ ಹೇಳುತ್ತಾಳೆ, ಈ ಕಾಲದಲ್ಲಿ ಸಾಗಡೆ ಮರ ಹುಟ್ಟಿದ ಕೂಸಿನ ಅಂಗಾಲಿನ ಹಾಗೆ ಕೆಂಪಗೆ ಚಿಗುರುತ್ತದಂತೆ. ಪೋಡಿನ ಹಿಂದೆ ಒಂದು ಬಂಡೆಯಿದೆಯಂತೆ, ಅದರ ಮೇಲೆ ಕೂತರೆ ಕೆಳಗೆ ಕಾಡು ಗಾಳಿಗೆ ಹೊರಳುವುದು ಕಾಣುತ್ತದಂತೆ. ಪುಟ್ಟಮಾದಮ್ಮ ಆ ಬಂಡೆಯ ಮೇಲೆ ತನ್ನನ್ನು ಕೂರಿಸಿ ನೋಡಿದಳು. ಸೆರಗು ಹೊದ್ದು, ಕಾಲು ಚಾಚಿ, ಸುಮ್ಮನೆ ಕೂತಿದ್ದಾಳೆ. ಹಾಗೆ ನೋಡುತ್ತಿದ್ದವಳಿಗೆ ಆ ಚಿತ್ರದಲ್ಲಿ ಗಂಡ ಇಲ್ಲವೆಂಬುದು ಥಟ್ಟನೆ ಹೊಳೆಯಿತು. ಅವನಿಗೆ ಹುಷಾರಾಗಿ ಜೊತೆಗೆ ಬಂದಿರುವಂತೆ ಯಾಕೆ ಕಾಣಲಿಲ್ಲ? ಹರಕೆ ಹೊತ್ತವರ ಹಾಗೆ, ಅವರು ಎದ್ದು ಓಡಾಡಿದರೆ ಇಬ್ಬರೂ ಬರುತ್ತೇವೆ ಎಂದು ಯಾಕೆ ಅಂದುಕೊಳ್ಳಲಿಲ್ಲ? ಅವನಿಲ್ಲದ ಒಂದು ದಿನ ಬೇಕು ಎನ್ನುವುದೇ ಆಸೆಯ ತಿರುಳು ಎಂದು ಅವಳಿಗೆ ತಿಳಿಯಿತು. "ಅಮ್ಮ, ಉಪ್ಪಿಟ್ಟು ಸಾಕು" ಎಂದು ತಟ್ಟೆ ಹಿಡಿದ ಹುಡುಗಿ ಎರಡನೆಯ ಸಲ ಹೇಳಿದ ಮೇಲೆ ಕೈ ನಿಂತಿತು.

ಗಂಡ ಚಿಕ್ಕಸಿದ್ದಯ್ಯ ಹೊನ್ನೂರಿನ ನೀರುಗಂಟಿಯಾಗಿದ್ದವನು. ಟ್ಯಾಂಕಿನ ವಾಲ್ವು ತಿರುಗಿಸಿ, "ನೀರು ಬುಟ್ಟೀವ್ನಿ ಕಣ್ರವ್ವಾ" ಎಂದು ಬೀದಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಬಿಂದಿಗೆಗಳು ಸದ್ದು ಮಾಡುತ್ತಿದ್ದವು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಒಳಗೆ ಎಲ್ಲವೂ ತಿಳಿಯುತ್ತದೆ, ಬಾಯಿಗೆ ಬರುವಾಗ ಒಂದಕ್ಕೆ ಇನ್ನೊಂದಾಗುತ್ತದೆ. ನೀರು ಎನ್ನಲು ಹೋದರೆ ಬಾಗಿಲು ಎನ್ನುತ್ತಾನೆ. ಅವನ ಅರ್ಧ ಅಕ್ಷರಗಳನ್ನು ಕೂಡಿಸಿ ಊರಿಗೆ ಹೇಳುವವಳು ಪುಟ್ಟಮಾದಮ್ಮ. ನೋಡಲು ಬಂದವರು ಅವನನ್ನು ಬಿಟ್ಟು ಇವಳ ಮುಖವನ್ನೇ ನೋಡುತ್ತಾರೆ. ಬೆಳಗಿನ ತಿಂಡಿ ಮುಗಿಸಿ ಯಳಂದೂರಿನಿಂದ ಆಟೋದಲ್ಲಿ ಓಡಿ ಬಂದು ಅವನಿಗೆ ಸ್ನಾನ, ಊಟ. ಮತ್ತೆ ಸಂಜೆಯ ಅಡುಗೆಗೆ ಓಟ. ನಡುವೆ ಪಕ್ಕದ ಮನೆಯ ದೊಡ್ಡಬಸಮ್ಮ ಇಣುಕುತ್ತಾಳೆ, ಅಂಬಲಿ ಕುಡಿಸುತ್ತಾಳೆ. ಮಂಡಿನೋವಿನ ಮುದುಕಿ, ಅವನನ್ನು ಎತ್ತಿ ಕಕ್ಕಸಿಗೆ ಕರೆದುಕೊಂಡು ಹೋಗಲಾರಳು. ಅದನ್ನು ಮಾಡಬಲ್ಲವಳು ಒಬ್ಬಳೇ ಇದ್ದಾಳೆ, ಅವನ ತಂಗಿ, ಮುಳ್ಳೂರಿನ ಮಹಾದೇವಮ್ಮ. ಆ ಹೆಸರು ಮನಸ್ಸಿಗೆ ಬಂದಾಗಲೇ ಪುಟ್ಟಮಾದಮ್ಮನ ಬಾಯಿ ಕಹಿಯಾಯಿತು.

ಆದರೂ ಅವಳು ಅಂದೇ ಕೊಳ್ಳೇಗಾಲದ ಬಸ್ಸು ಹತ್ತಿದಳು. ನಾಳೆಗೆ ಬಿಟ್ಟರೆ ಬತ್ತೀನಿ ಎಂದ ಬಾಯಿಯೇ ಬರಲ್ಲ ಎನ್ನುತ್ತದೆಂದು ಗೊತ್ತಿತ್ತು. ದೊಡ್ಡಬಸಮ್ಮನಿಗೆ ಫೋನು ಮಾಡಿ, ಬ್ಯಾಂಕಿನ ಕೆಲಸ, ಒಂಚೂರು ತಡವಾಗುತ್ತದೆ ಎಂದಿದ್ದಳು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಬಿಟ್ಟಿ ಟಿಕೆಟು ಹರಿದುಕೊಟ್ಟ. ಕಿಟಕಿಯ ಆಚೆ ಮಾಂಬಳ್ಳಿಯ ಕಬ್ಬಿನ ಗದ್ದೆಗಳು ಹಿಂದೆ ಸರಿದವು. ಲಕ್ವ ಹೊಡೆದ ಹೊಸದರಲ್ಲಿ ಮಹಾದೇವಮ್ಮ ತನ್ನ ರೇಷ್ಮೆಯ ಹುಳುಮನೆ, ಗಂಡ, ಮಕ್ಕಳನ್ನು ಬಿಟ್ಟು ಹೊನ್ನೂರಿಗೆ ಬಂದು ಕೂತುಬಿಟ್ಟಿದ್ದಳು. ಅಣ್ಣನ ಹೇಲು ಉಚ್ಚೆ ಬಳಿದಳು, ತಿಂದದ್ದನ್ನು ಕಕ್ಕಿದರೆ ಅಂಗೈಯಲ್ಲಿ ಹಿಡಿದಳು. ಪುಟ್ಟಮಾದಮ್ಮ ಹೆದರಿಕೆಯಿಂದ ಕಲ್ಲಾಗಿ ಗೋಡೆಗೆ ಒರಗಿ, ನಾದಿನಿ ಕರೆದರೆ ಮಾತ್ರ ಕೈ ಹಾಕುತ್ತಿದ್ದ ಕಾಲ ಅದು. ಒಂದು ದಿನ ಆಸ್ಪತ್ರೆಯಲ್ಲಿ ನರ್ಸಮ್ಮನ ಎದುರು, ಆಚೀಚೆ ಮಂಚದವರೆಲ್ಲ ಕೇಳುವ ಹಾಗೆ, "ಬೆನ್ನೆಲ್ಲ ಉಣ್ಣಾಗದಲ್ಲ ಅತ್ಗೆ, ಗಂಡನ್ನ ಮಗ್ಗುಲು ಬದಲಾಯ್ಸಾಕೂ ಬರಲ್ವಾ ನಿಂಗ?" ಎಂದಳು ಮಹಾದೇವಮ್ಮ. ಕೇಳಿದ್ದು ನಿಜವೇ ಆಗಿತ್ತು, ಅದಕ್ಕೇ ಅಷ್ಟು ಉರಿದದ್ದು. ಮನೆಗೆ ಬಂದ ಮೇಲೆ ಪುಟ್ಟಮಾದಮ್ಮ ಹೇಳಿದಳು: "ನನ್ ಗಂಡನ್ನ ನಾನು ನೋಡ್ಕತೀನಿ. ನೀನು ನಿನ್ ಮನೆ ನೋಡ್ಕೊ ಓಗು." ಮಹಾದೇವಮ್ಮ ಮಾತಾಡದೆ ಚೀಲಕ್ಕೆ ಸೀರೆ ತುರುಕಿಕೊಂಡು ಹೊರಟಿದ್ದಳು. ಆಮೇಲೆ ಹಬ್ಬಕ್ಕೆ ಕರೆದಿದ್ದಾರೆ, ಹೋಗಿದ್ದಾರೆ, ಚೆನ್ನಾಗಿದ್ದೀಯಾ ಎಂದಿದ್ದಾರೆ. ಅದಕ್ಕಿಂತ ಹೆಚ್ಚಿನದನ್ನು ಇಬ್ಬರೂ ಕೇಳಿಲ್ಲ. ಅಂಥವಳ ಬಾಗಿಲಿಗೆ ಹೋಗಿ ಏನೆಂದು ಹೇಳುವುದು? ನನಗೆ ಬೆಟ್ಟ ನೋಡುವ ಮನಸ್ಸಾಗಿದೆ, ನಿನ್ನಣ್ಣನನ್ನು ಕಾಯಿ ಎಂದೇ?

ಮುಳ್ಳೂರಿನ ಹುಳುಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದ ಮಹಾದೇವಮ್ಮ ಅವಳನ್ನು ಕಂಡು ನಿಂತಲ್ಲೇ ನಿಂತಳು. "ಅಣ್ಣಂಗೇನಾರ ಆಯ್ತಾ?" ಅಯ್ಯೋ ಇಲ್ಲ ಕಣವ್ವ, ಕೊಳ್ಳೇಗಾಲದಲ್ಲಿ ಬ್ಯಾಂಕಿನ ಕೆಲಸವಿತ್ತು, ಹಂಗೇ ಬಂದೆ ಎಂದಳು ಪುಟ್ಟಮಾದಮ್ಮ. ಬೆಳಗಿನಿಂದ ಆ ಬ್ಯಾಂಕಿನ ಹೆಸರು ಎರಡನೆಯ ಸಲ ಹೇಳಿದಂತಾಯಿತು. ಒಳಗೆ ಕರೆದು ಕಾಫಿ ಕೊಟ್ಟಳು ಮಹಾದೇವಮ್ಮ. ಹುಳ ಪೊರೆ ಬಿಟ್ಟು ಜ್ವರದಿಂದ ಎದ್ದಿವೆ, ಈಗ ಅವಕ್ಕೆ ಹಗಲೂ ರಾತ್ರಿ ಸೊಪ್ಪು ಸಾಲದು ಎಂದಳು. ಕಾಫಿ ಚೆನ್ನಾಗಿದೆ ಎಂದಳು ಇವಳು. ಹಸು ಕರು ಹಾಕಿದೆಯೇ ಎಂದು ಕೇಳಿದಳು. ತಟ್ಟೆಗಳ ಮೇಲೆ ಹುಳ ಸೊಪ್ಪು ಮೇಯುವ ಸದ್ದು ಆ ಕೋಣೆಯಲ್ಲಿ ತುಂಬಿತ್ತು. ಎಲ್ಲ ಬಾಯಿಗಳೂ ತಮಗೆ ಬೇಕಾದ್ದನ್ನು ಯಾವ ನಾಚಿಕೆಯೂ ಇಲ್ಲದೆ ತಿನ್ನುತ್ತಿವೆ ಎನ್ನಿಸಿತು ಪುಟ್ಟಮಾದಮ್ಮನಿಗೆ. ತುಟಿಯವರೆಗೆ ಬಂದ ಮಾತನ್ನು ಕಾಫಿಯ ಜೊತೆ ನುಂಗಿದಳು. ಕೊನೆಗೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ಮಹಾದೇವಮ್ಮ ಕೈಗಂಟಿದ ಸೊಪ್ಪು ಕೊಡವಿ ರಸ್ತೆಯವರೆಗೂ ಜೊತೆಗೆ ಬಂದಳು. ಅಣ್ಣನಿಗೆಂದು ಎರಡು ಪರಂಗಿಹಣ್ಣು ತಂದಿದ್ದಳು.

ರಸ್ತೆಯ ಬದಿಯಲ್ಲಿ ನಿಂತಾಗ, ದೂರದಲ್ಲಿ ಬಸ್ಸು ತಿರುವು ತೆಗೆದುಕೊಳ್ಳುವುದು ಕಂಡಾಗ, ಪುಟ್ಟಮಾದಮ್ಮ ರಸ್ತೆಯನ್ನೇ ನೋಡುತ್ತ ಹೇಳಿದಳು. "ಯುಗಾದಿ ಕಳುದ್ ಮೇಲೆ ಆಸ್ಟೆಲ್ ಕಡೆಯಿಂದ ಬೆಟ್ಟಕ ಕರ್ಕೊಂಡು ಓಯ್ತಾವ್ರೆ. ಓಗ್ಲೇಬೇಕಂತೆ. ಆವತ್ತೊಂದಿನ ನೀನು ಬಂದಿದ್ರೆ..."

"ಓಗ್ಲೇಬೇಕಂತಾ," ಎಂದಳು ಮಹಾದೇವಮ್ಮ, "ಇಲ್ಲ ನಿಂಗೇ ಓಗ್ಬೇಕು ಅಂತ ಆಸೆನಾ?"

ಬಸ್ಸು ಬಂದು ನಿಂತಿತು. ಪರಂಗಿಹಣ್ಣಿನ ಚೀಲ ಹಿಡಿದು ಪುಟ್ಟಮಾದಮ್ಮ ಮೆಟ್ಟಿಲು ಹತ್ತಿದಳು. ಹಿಂದಿನವರು ನೂಕಿದರು. ಬಾಗಿಲ ಕಂಬಿ ಹಿಡಿದು ತಿರುಗಿದಾಗ ನಾದಿನಿ ಅಲ್ಲೇ, ಧೂಳಿನಲ್ಲಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. "ಆಸೆ ಕಣವ್ವ" ಎಂದಳು ಪುಟ್ಟಮಾದಮ್ಮ. ಬಸ್ಸು ಹೊರಟ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಮಹಾದೇವಮ್ಮ ಗಟ್ಟಿಯಾಗಿ ಕೂಗಿದಳು: "ಒಂದಿನ ಮುಂಚೇನೇ ಬತ್ತೀನಿ. ನೀನು ಓಗು!" ಬಸ್ಸಿನವರೆಲ್ಲ ತಿರುಗಿ ನೋಡಿದರು. ಪುಟ್ಟಮಾದಮ್ಮ ಸೀಟು ಸಿಗದೆ ಕಂಬಿಗೆ ಒರಗಿ ನಿಂತು, ಯಳಂದೂರು ಬರುವವರೆಗೂ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆ ಇರಬೇಕು ಎಂದುಕೊಂಡರು ಪಕ್ಕದವರು. ಬಸ್ಸಿನ ಒಳಗೇ ಅವಳಿಗೆ ಮಂಚದ ಆಚೆ ಈಚೆ ನಿಂತು ತಾವಿಬ್ಬರೂ ಹೆಗಲು ಕೊಟ್ಟು ಅವನನ್ನು ಎತ್ತುತ್ತಿದ್ದ ದಿನಗಳು ನೆನಪಾದವು. ನೀನು ಕಾಲು ಹಿಡಿ ಅತ್ಗೆ, ಭಾರ ನನ್ ಮೇಲೆ ಬುಡು ಎನ್ನುತ್ತಿದ್ದಳು ಮಹಾದೇವಮ್ಮ. ಆ ದಿನಗಳ ಒಂದು ಮಾತನ್ನು ಹಿಡಿದುಕೊಂಡು ಉಳಿದದ್ದನ್ನೆಲ್ಲ ತಾನು ಚೆಲ್ಲಿಬಿಟ್ಟಿದ್ದೆನಲ್ಲ ಎಂದು ಕಣ್ಣು ಮತ್ತೆ ತುಂಬಿತು.

ಮಾರನೆಯ ವಾರ ವಾರ್ಡನ್ ಮೀನಾ ಮೇಡಂ ಅಡುಗೆಮನೆಗೆ ಬಂದಾಗ ಅವಳ ಮುಖ ಹೊಳೆಯುತ್ತಿತ್ತು. ಕೊಳ್ಳೇಗಾಲದ ಹೆಣ್ಣುಮಗಳು, ಇವಳ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳು; ಹುಡುಗಿಯರಿಗೆ ಜ್ವರ ಬಂದರೆ ತಾನೇ ಪಕ್ಕದಲ್ಲಿ ಮಲಗುವವಳು. ಬೊಮ್ಮಿಯಿಂದ ಬೆಟ್ಟದ ಸುದ್ದಿ ಕೇಳಿ, ಇವರಿಬ್ಬರು ಬಸ್ಸಿನಲ್ಲಿ ಹೋಗಿ ಬರುವ ಸಣ್ಣ ಯೋಚನೆಯನ್ನು ಅವಳು ಮೂರೇ ದಿನದಲ್ಲಿ ಬೆಳೆಸಿಬಿಟ್ಟಿದ್ದಳು. ತನ್ನ ಮನೆಯವರ ವ್ಯಾನು ಬರುತ್ತದೆ. ದಾರಿಯಲ್ಲಿ ತಿನ್ನಲು ಇಡ್ಲಿ ಕಟ್ಟಿಸೋಣ. ಮೊದಲು ದೇವಸ್ಥಾನ, ಆಮೇಲೆ ಅರಣ್ಯ ಇಲಾಖೆಯ ಸಫಾರಿ, ಅದಕ್ಕೆ ಮೊದಲೇ ಫೋನು ಮಾಡಬೇಕು. ಆನೆ ಕಾಣುತ್ತದೆ, ಅದೃಷ್ಟವಿದ್ದರೆ ಹುಲಿಯೂ. ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸಿ ತೋರಿಸಿದಳು. ಪುಟ್ಟಮಾದಮ್ಮ ಒದ್ದೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಗ್ಗಿ ನೋಡಿದಳು, ಚೆನ್ನಾಗದೆ ಮೇಡಂ ಎಂದಳು.

"ಮುಖ್ಯವಾದ್ದು ಹೇಳೇ ಇಲ್ಲ ನೋಡಿ," ಎಂದಳು ಮೀನಾ. "ಸಿದ್ದಯ್ಯನೋರ್ನೂ ಕರ್ಕೊಂಡು ಹೋಗ್ತಾ ಇದೀವಿ! ನಮ್ಮ ಪರಿಚಯದೋರ ಮನೇಲಿ ಗಾಲಿಕುರ್ಚಿ ಇದೆ, ಕೊಡ್ತಾರಂತೆ. ಪಾಪ, ಅವ್ರು ಆ ಗೋಡೆ ನೋಡ್ಕೊಂಡು ಎಷ್ಟು ದಿನ ಅಂತ ಇರ್ತಾರೆ?"

"ಕುರ್ಚಿ ಓಗ್ದಿರೋ ಕಡೆ ನಮ್ಮಣ್ಣ ಎತ್ಕತಾನೆ ಬುಡಿ ಮೇಡಂ" ಎಂದಳು ಬೊಮ್ಮಿ.

ಇಬ್ಬರೂ ಪುಟ್ಟಮಾದಮ್ಮನ ಮುಖ ನೋಡಿದರು. ಅಲ್ಲಿ ಸಂತೋಷ ಉಕ್ಕಬೇಕಾಗಿತ್ತು. ಅವಳು ಕೈಮುಗಿದಳು. "ನಿಮ್ ಋಣ ಎಂಗೆ ತೀರ್ಸದು ಮೇಡಂ" ಎಂದಳು. ಮಾತು ಸರಿಯಾಗಿಯೇ ಬಂತು. ಅನ್ನದ ತಪ್ಪಲೆಯ ಮುಚ್ಚಳ ಎತ್ತಿದಾಗ ಹಬೆ ಮುಖಕ್ಕೆ ಹೊಡೆಯಿತು, ಅವಳು ಹಿಂದೆ ಸರಿಯಲಿಲ್ಲ. ಬೆಟ್ಟದ ಮೇಲೂ ಅವನ ಜೊಲ್ಲು ಒರೆಸಬೇಕು. ಬೆಟ್ಟದ ಮೇಲೂ ಅವನಿಗೆ ಬಂತೇ ಎಂದು ಹೊತ್ತುಹೊತ್ತಿಗೆ ಕೇಳಬೇಕು, ಗಂಡಸರನ್ನು ಆಚೆ ಹೋಗಿ ಎನ್ನಬೇಕು, ಒದ್ದೆ ಪಂಚೆ ಬದಲಿಸಬೇಕು. ಬೊಮ್ಮಿಯ ಮನೆಯವರ ಎದುರು ಅವನಿಗೆ ನಾಚಿಕೆ, ಅವನ ನಾಚಿಕೆ ಕಂಡು ತನಗೆ ಸಂಕಟ. ಎಲ್ಲರೂ ಆಹಾ ಎಂದು ಚಿಗುರು ನೋಡುವಾಗ ತಾನು ಅವನ ಚಪ್ಪಲಿಯ ಪಟ್ಟಿ ಸರಿಮಾಡುತ್ತಿರುತ್ತೇನೆ. ಇದನ್ನೆಲ್ಲ ಯೋಚಿಸುತ್ತಿರುವ ಹೆಂಗಸು ಎಂಥವಳು? ದೇವರಂಥ ಜನ ತಾವಾಗಿ ವ್ಯಾನು, ಕುರ್ಚಿ, ಹೆಗಲು ಕೊಡುತ್ತಿದ್ದಾರೆ, ಇವಳು ಸಿಟ್ಟಾಗುತ್ತಿದ್ದಾಳೆ. ಉಪಕಾರ ಮಾಡಿದವರ ಮೇಲೆ ಸಿಟ್ಟಾಗುವುದಕ್ಕಿಂತ ಕೀಳು ಇನ್ನೇನಿದೆ ಎಂದು ತನ್ನನ್ನು ಬೈದುಕೊಂಡಳು. ಬೈದುಕೊಂಡರೂ ಸಿಟ್ಟು ಹೋಗಲಿಲ್ಲ.

ಸಂಜೆ ಮನೆಗೆ ಬಂದರೆ ಚಿಕ್ಕಸಿದ್ದಯ್ಯ ಮಂಚದ ಅಂಚಿನಲ್ಲಿ ಕೂತಿದ್ದ. ಬಿಳಿಯ ಅಂಗಿಯ ಒಂದು ತೋಳಿಗೆ ಎಡಗೈ ಹಾಕಿಕೊಂಡು, ಉಳಿದರ್ಧ ಬೆನ್ನಿಗೆ ಜೋತು ಬಿದ್ದು, ಅವಳನ್ನು ಕಂಡವನೇ ನಕ್ಕ. ಇವಳು ಸಂಜೆಯ ಅಡುಗೆಗೆ ಹೋದ ಮೇಲೆ ಮೀನಾ ಮೇಡಂ ಈ ದಾರಿಯಲ್ಲಿ ಹೋಗುವಾಗ ಬಂದಿದ್ದಳಂತೆ, ಎಲ್ಲವನ್ನೂ ಹೇಳಿದಳಂತೆ. ದೊಡ್ಡಬಸಮ್ಮ ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿದಳು: "ಆಗ್ಲಿಂದ ಅಂಗಿ ತೆಗಿ ಅಂತ ಒಂದೇ ಹಟ ಕಣವ್ವ." ಅವನು ಕಿಟಕಿಯ ಕಡೆಗೆ, ಬೆಟ್ಟವಿರುವ ದಿಕ್ಕಿಗೆ, ಎಡಗೈ ಎತ್ತಿದ. "ಬೆ... ಬೆಲ್ಲ" ಎಂದ. ತಪ್ಪಿತೆಂದು ತಲೆ ಕೊಡವಿ ಮತ್ತೆ ಹೇಳಿದ, "ಬೆ... ಟ್ಟ." ಸರಿಯಾದ ಮಾತು ಬಂದುದಕ್ಕೆ ಅವನಿಗೇ ಆಶ್ಚರ್ಯವಾಗಿ ಕಣ್ಣು ಅಗಲವಾದವು. ಪುಟ್ಟಮಾದಮ್ಮ "ಊಂ, ಬೆಟ್ಟ" ಎಂದಳು. ಅಂಗಿ ಬಿಚ್ಚಿ ಮಡಿಸಿಟ್ಟಳು. ಆಗಲಿ, ಒಂದು ದಿನ ತಾನೇ, ಎಲ್ಲರೂ ಹೋಗೋಣ ಎಂದು ಮನಸ್ಸಿಗೆ ಹೇಳಿದಳು. ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. "ಬಾಯಿ ತೆಗಿ. ಇನ್ನೊಂದು ತುತ್ತು. ಜಾಣ."

ತಾನು ಹೇಳಿದ್ದು ತನ್ನ ಕಿವಿಗೇ ಬಿತ್ತು. ಮದುವೆಯಾದಂದಿನಿಂದ ಅವಳು ಅವನಿಗೆ ನೀವು ಎಂದವಳು. ಜಗಳದಲ್ಲೂ ನೀವು, ಅವನು ಕುಡಿದು ಬಂದ ದಿನ ಬಾಗಿಲು ತೆಗೆಯದೆ ಬೈದಾಗಲೂ ನೀವು. ಲಕ್ವ ಹೊಡೆದ ಮೇಲೆ ಯಾವಾಗಲೋ ನೀವು ಹೋಗಿ ನೀನು ಬಂದಿತ್ತು. ಕಾಲೆತ್ತು, ತಿರುಗು, ನುಂಗು. ಅವನು ಒಮ್ಮೆಯೂ ಅದನ್ನು ಗಮನಿಸಿದಂತೆ ತೋರಿಸಿಕೊಂಡಿರಲಿಲ್ಲ. ಕೈಯಲ್ಲಿ ತುತ್ತು ಹಿಡಿದುಕೊಂಡೇ ಪುಟ್ಟಮಾದಮ್ಮ ಅಳತೊಡಗಿದಳು. ಅವನು ನುಂಗುವುದು ಬಿಟ್ಟು ನೋಡಿದ. "ಆ?" ಎಂದ. ಏನಾಯಿತು ಎಂದರ್ಥ.

ಸುಳ್ಳು ಹೇಳಬಹುದಾಗಿತ್ತು. ಖಾರ ಎನ್ನಬಹುದಾಗಿತ್ತು. ಆದರೆ ಮಾತು ಕಳೆದುಕೊಂಡವನ ಎದುರು ಮಾತಿರುವವಳು ಬಾಯಿ ತುಂಬ ಸುಳ್ಳು ಇಟ್ಟುಕೊಂಡು ಕೂರುವುದು ಅವಳಿಗೆ ಆಗಲಿಲ್ಲ.

"ನೀವು ಬ್ಯಾಸ್ರ ಮಾಡ್ಕಬೇಡಿ," ಎಂದಳು. "ನಾನು ಒಬ್ಳೇ ಓಗ್ಬೇಕು ಅಂತಿದ್ದೆ. ನಿಮ್ಮನ್ನ ಬುಟ್ಟು. ಒಂದು ದಿನ. ಮಾದೇವಮ್ಮನ್ನೂ ಕೇಳ್ಕಬಂದಿದ್ದೆ, ನಿಮ್ಗ ಹೇಳಿರ್ಲಿಲ್ಲ. ಮೇಡಂ ಒಳ್ಳೇದ್ ಮಾಡಾಕ ಓಗಿ ಇಂಗಾಯ್ತು. ನಂಗ ಸುಸ್ತಾಗದ. ನಿಮ್ ಮ್ಯಾಲೆ ಸಿಟ್ಟಿಲ್ಲ."

ಚಿಕ್ಕಸಿದ್ದಯ್ಯನ ಮುಖದ ಎಡ ಅರ್ಧ ಮೆಲ್ಲಗೆ ಇಳಿಯಿತು. ಬಲ ಅರ್ಧ ಮೊದಲೇ ಇಳಿದಿತ್ತು. ಅವನು ಗೋಡೆಯ ಕಡೆಗೆ ತಿರುಗಿದ. ಅವಳು ತುತ್ತನ್ನು ತಟ್ಟೆಗೆ ಹಾಕಿ, ಬಾಯಿ ಒರೆಸಲು ಬಟ್ಟೆ ತಂದಾಗ ಎಡಗೈಯಿಂದ ಬಟ್ಟೆಯನ್ನು ಸರಿಸಿದ. ಹೊರಗೆ ದೀಪ ಹತ್ತಿಸುವ ಹೊತ್ತು. ಯಾರೋ ದನ ಹೊಡೆದುಕೊಂಡು ಹೋದರು. ಪುಟ್ಟಮಾದಮ್ಮ ಹೊಸ್ತಿಲ ಒಳಗೆ ನೆಲದ ಮೇಲೆ ಕೂತಳು, ಕೂತೇ ಇದ್ದಳು. ಹೇಳಿದ್ದಕ್ಕೆ ಪಶ್ಚಾತ್ತಾಪ ಪಡಲು ನೋಡಿದಳು. ಬಂದದ್ದು ಪಶ್ಚಾತ್ತಾಪವಲ್ಲ, ಹಗುರ. ಆ ಹಗುರಕ್ಕೆ ಮತ್ತೆ ನಾಚಿಕೆಯಾಯಿತು.

ಎರಡು ದಿನ ಅವನು ಅವಳ ಕಡೆ ನೋಡಲಿಲ್ಲ. ತುತ್ತು ಕೊಟ್ಟರೆ ತಿಂದ, ಎತ್ತಿದರೆ ಎದ್ದ. ಮೂರನೆಯ ದಿನ, ಇವಳು ಮನೆಯಲ್ಲಿದ್ದ ಹೊತ್ತಿನಲ್ಲಿಯೇ ಮೀನಾ ಗಾಲಿಕುರ್ಚಿಯನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದಳು. "ಕೂತು ನೋಡಿ ಅಪ್ಪಾಜಿ, ಅಗಲ ಸರಿ ಹೋಗುತ್ತಾ ಅಂತ" ಎಂದು ಅವನ ತೋಳಿಗೆ ಕೈ ಹಾಕಿದಳು. ಅವನು ತೋಳು ಬಿಡಿಸಿಕೊಂಡ. "ಇ... ಲ್ಲ" ಎಂದ. ಎಡಗೈಯನ್ನು ಎತ್ತಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ಬೆರಳು ಚಾಚಿದ. "ಅವ... ಳು."

"ಹೂಂ, ಅವ್ರೂ ಬರ್ತಾರೆ," ಎಂದಳು ಮೀನಾ ನಗುತ್ತ. "ಅವ್ರನ್ನ ಬಿಟ್ಟು ನಿಮ್ಮನ್ನ ಕರ್ಕೊಂಡು ಹೋಗ್ತೀವಾ?"

"ಇಲ್ಲ! ಅವಳು. ಅವಳು." ಎಡಗೈಯಿಂದ ಮಂಚದ ಪಟ್ಟಿಗೆ ಹೊಡೆದ. ಹಣೆಯ ನರ ಉಬ್ಬಿತು. ಮತ್ತೊಂದು ಮಾತಿಗಾಗಿ ಬಾಯಿ ತೆರೆದು ಒದ್ದಾಡಿದ. ಬಂದದ್ದು "ನೀರು" ಎಂದು. ಮೀನಾ ನೀರಿನ ಚೊಂಬು ತಂದುಕೊಟ್ಟಳು. ಅವನು ಅದನ್ನು ನೂಕಿದ, ನೀರು ನೆಲಕ್ಕೆ ಚೆಲ್ಲಿತು. ಮೀನಾ ಹೆದರಿ ಹಿಂದೆ ಸರಿದು, ಎಲ್ಲರೂ ಮಾಡುವಂತೆ, ಪುಟ್ಟಮಾದಮ್ಮನ ಮುಖ ನೋಡಿದಳು. "ಏನಂತಿದ್ದಾರೆ?"

ಪುಟ್ಟಮಾದಮ್ಮನಿಗೆ ಮೊದಲ ಮಾತಿನಲ್ಲೇ ತಿಳಿದಿತ್ತು. ಇಷ್ಟು ಕಾಲ ಅವನ ಹಸಿವು, ನೋವು, ಬೇಕು ಬೇಡಗಳನ್ನು ಊರಿಗೆ ಹೇಳಿದ ನಾಲಿಗೆ ಈಗ ಹಿಂಜರಿಯಿತು. ಹೇಳಿದರೆ ಏನೆಂದು ಕೇಳಿಸುತ್ತದೆ? ಬಾಯಿಲ್ಲದ ಗಂಡನ ಬಾಯಲ್ಲಿ ತನಗೆ ಬೇಕಾದ ಮಾತು ಇಡುತ್ತಿದ್ದಾಳೆ ಎಂದು ಈ ಹೆಣ್ಣುಮಗಳು ಅಂದುಕೊಳ್ಳುವುದಿಲ್ಲವೇ? ಇದುವರೆಗೆ ಹೇಳಿದ್ದೆಲ್ಲ ಹೀಗೆಯೇ ಇರಬಹುದು ಎಂದುಕೊಂಡರೆ? ಅವ್ರಿಗೆ ಸುಸ್ತು, ಆಮೇಲೆ ನೋಡೋಣ ಎಂದುಬಿಟ್ಟರೆ ಮುಗಿಯುತ್ತದೆ. ಅವಳು ಗಂಡನನ್ನು ನೋಡಿದಳು. ಎರಡು ದಿನದಿಂದ ತಪ್ಪಿಸಿಕೊಂಡಿದ್ದ ಕಣ್ಣು ನೇರವಾಗಿ ಅವಳ ಮೇಲಿತ್ತು. ಅದರಲ್ಲಿ ಸಿಟ್ಟಿತ್ತು, ಆ ಸಿಟ್ಟು ಹೇಳುತ್ತಿತ್ತು: ಹೇಳೇ, ನನ್ನಿಂದ ಆಗ್ತಾ ಇಲ್ಲ, ನೀನಾದ್ರೂ ಹೇಳು.

"ನಾನು ಒಬ್ಳೇ ಓಗ್ಲಿ ಅಂತಾವ್ರೆ ಮೇಡಂ," ಎಂದಳು ಪುಟ್ಟಮಾದಮ್ಮ. "ಅವ್ರು ಬರಲ್ವಂತೆ. ನಾನು ಓಗ್ಬೇಕಂತೆ."

ಮೀನಾ ಅವಳನ್ನು ನೋಡಿದಳು, ಆಮೇಲೆ ಅವನ ಕಡೆ ತಿರುಗಿದಳು. "ಹೌದಾ ಅಪ್ಪಾಜಿ?" ಚಿಕ್ಕಸಿದ್ದಯ್ಯ ಕಣ್ಣು ಮುಚ್ಚಿ, ತಲೆಯನ್ನು ಮತ್ತೆ ಮತ್ತೆ ಆಡಿಸಿದ. ಹೊತ್ತ ಹೊರೆ ಇಳಿಸಿದವನ ಹಾಗೆ ದಿಂಬಿಗೆ ಒರಗಿದ. ಮೀನಾ ಚೆಲ್ಲಿದ ನೀರಿನ ಮೇಲೆ ತಾನೇ ಗೋಣಿತಾಟು ಎಳೆದು ಹಾಕಿದಳು. "ನಾನು ಕೇಳ್ಬೇಕಿತ್ತು," ಎಂದಳು ತನ್ನಷ್ಟಕ್ಕೆ. ಬಾಗಿಲ ಬಳಿ ಪುಟ್ಟಮಾದಮ್ಮನ ಮೊಣಕೈ ಮುಟ್ಟಿ, "ನೀವೂ ಬೊಮ್ಮಿನೂ ಬಸ್ಸಲ್ಲೇ ಹೋಗ್ಬನ್ನಿ ಅಮ್ಮ. ನಾನು ಇನ್ನೊಂದ್ಸಲ ಹೋಗ್ತೀನಿ. ಕುರ್ಚಿ ಇಲ್ಲೇ ಇರ್ಲಿ, ಬೀದೀಲಿ ಓಡಾಡ್ಸಿ" ಎಂದು ಹೊರಟಳು.

ಬಾಗಿಲು ಮುಂದೆ ಮಾಡಿ ಬಂದು ಪುಟ್ಟಮಾದಮ್ಮ ಮಂಚದ ಕೆಳಗೆ ಕೂತಳು. "ನಿಮ್ಗೂ ಓಗ್ಬೇಕು ಅಂತ ಆಸೆ ಇತ್ತಲ್ಲ" ಎಂದಳು. ಅವನು ಇತ್ತು ಎಂಬಂತೆ ತಲೆ ಆಡಿಸಿದ. ಮುಚ್ಚಿಡಲಿಲ್ಲ. ಆಮೇಲೆ ಒಳ್ಳೆಯ ಕೈಯನ್ನು ಅವಳ ನೆತ್ತಿಯ ಮೇಲಿಟ್ಟು, ಭಾರವಾಗಿ, ಒಂದು ಸಲ ಸವರಿದ. ಅವಳು ಅಲುಗದೆ ಕೂತಿದ್ದಳು. ಲಕ್ವ ಹೊಡೆದ ಮೇಲೆ ಅವನು ಅವಳಿಗಾಗಿ ಮಾಡಬಹುದಾದದ್ದು ಏನೂ ಉಳಿದಿಲ್ಲವೆಂದು ಇಬ್ಬರೂ ನಂಬಿದ್ದರು.

ಯುಗಾದಿಯ ಬೇವು ಬೆಲ್ಲ ತಿಂದು, ಹುಡುಗಿಯರು ಊರಿಗೆ ಹೊರಟ ಮೇಲೆ, ಹೇಳಿದಂತೆ ಬೆಟ್ಟಕ್ಕೆ ಹೊರಡುವ ಹಿಂದಿನ ದಿನವೇ ಮಹಾದೇವಮ್ಮ ಬಂದಳು. ಬಂದವಳೇ ಅಣ್ಣನ ಬೆನ್ನಿನ ಅಂಗಿ ಎತ್ತಿ ನೋಡಿದಳು. "ಒಂದು ಗೀರೂ ಇಲ್ಲ," ಎಂದಳು ಮಹಾದೇವಮ್ಮ, "ಎಂಗೆ ನೋಡ್ಕಂಡಿದ್ದೀ ಅತ್ಗೆ!" ಬೆಳಗ್ಗೆ ಹೊರಡುವಾಗ ಅಣ್ಣ ತಂಗಿ ಅಂಗಳದಲ್ಲಿ ಗಾಲಿಕುರ್ಚಿಯ ಬ್ರೇಕು ಹೇಗೆ ಬಿಡುವುದೆಂದು, ತಂಗಿ ಮಾತಿನಲ್ಲಿ, ಅಣ್ಣ ಕೈಸನ್ನೆಯಲ್ಲಿ, ಜಗಳವಾಡುತ್ತಿದ್ದರು. ಪುಟ್ಟಮಾದಮ್ಮ ಹೋದದ್ದನ್ನು ಅವರು ಸರಿಯಾಗಿ ನೋಡಲೂ ಇಲ್ಲ.

ಗುಂಬಳ್ಳಿ ದಾಟಿ, ಅರಣ್ಯದ ಗೇಟು ದಾಟಿ ಬಸ್ಸು ತಿರುವುಗಳನ್ನು ಹತ್ತಿತು. ಬೊಮ್ಮಿ ಕಿಟಕಿಯ ಪಕ್ಕದ ಸೀಟನ್ನು ಅವಳಿಗೆ ಬಿಟ್ಟುಕೊಟ್ಟು, ಅದು ಮತ್ತಿ ಮರ, ಇದು ಹೊನ್ನೆ ಎನ್ನುತ್ತಿದ್ದಳು. ಎಲೆಯೇ ಇಲ್ಲದ ಕೊಂಬೆಗಳಲ್ಲಿ ಮುತ್ತುಗ ಹೂ ಬಿಟ್ಟಿತ್ತು. ಪೋಡಿನಲ್ಲಿ ಮಾದೇವ ಅಂಗಳ ಗುಡಿಸಿ ಚಾಪೆ ಹಾಸಿದ್ದ, ಅವನ ಹೆಂಡತಿ ಬಾಯಿ ತುಂಬ ನಕ್ಕು, ತಮ್ಮ ಗಿಡದ್ದೇ ಎಂದು ಕಾಫಿ ಕೊಟ್ಟಳು. "ಸೌದೆ ಆಯ್ಕೊಡ್ತೀನಿ, ಸೊಪ್ಪು ಬುಡುಸ್ತೀನಿ" ಎಂದು ಒಲೆಯ ಬಳಿ ಹೋದ ಪುಟ್ಟಮಾದಮ್ಮನನ್ನು ಬೊಮ್ಮಿ ರಟ್ಟೆ ಹಿಡಿದು ಎಬ್ಬಿಸಿ, ಮನೆಯ ಹಿಂದಿನ ದಾರಿಯಲ್ಲಿ ನೂಕಿದಳು. "ನೀವು ಓಗಿ ಕುಂತ್ಕಳಿ ಅಕ್ಕ. ಇಲ್ಲಿ ನಿಮ್ಗ ಕೆಲ್ಸ ಇಲ್ಲ."

ಬಂಡೆ ಬಿಸಿಲಿಗೆ ಇನ್ನೂ ಕಾದಿರಲಿಲ್ಲ. ಕೆಳಗೆ ಕಾಡು ಕಣಿವೆಗೆ ಇಳಿದು ಆಚೆಯ ಗುಡ್ಡಕ್ಕೆ ಹತ್ತಿತ್ತು. ಒಣಗಿದ ಬಣ್ಣದ ನಡುವೆ ಅಲ್ಲೊಂದು ಇಲ್ಲೊಂದು ಮರ ಕೆಂಪಾಗಿ ಚಿಗುರಿ, ಬಿಸಿಲು ಆ ಎಲೆಗಳ ಒಳಗಿನಿಂದ ಬರುತ್ತಿತ್ತು. ಕೆಲವು ಚಿಗುರು ಇನ್ನೂ ಬಿಚ್ಚಿಕೊಳ್ಳದೆ ಜೋತು ಬಿದ್ದಿದ್ದವು. ಗಾಳಿ ದೂರದಲ್ಲಿ ಹುಟ್ಟುವುದು ಕೇಳಿಸುತ್ತಿತ್ತು, ಮರದಿಂದ ಮರಕ್ಕೆ ಬರುತ್ತ ಬರುತ್ತ ಕೊನೆಗೆ ಅವಳ ಸೆರಗಿಗೆ ತಾಗುತ್ತಿತ್ತು. ಮೊದಲಿಗೆ ಅವಳು, ಗಂಡ ಅಂಬಲಿ ಕುಡಿದಿರಬಹುದೇ, ಮಧ್ಯಾಹ್ನದ ಮಾತ್ರೆ ಎಲ್ಲಿದೆಯೆಂದು ಹೇಳಿದೆನೇ ಎಂದು ಯೋಚಿಸಿದಳು. ಆಮೇಲೆ ಒಂದು ಹಕ್ಕಿ ಕೂಗಿತು, ಅದೆಲ್ಲಿದೆ ಎಂದು ಹುಡುಕಿದಳು. ಆಮೇಲೆ ಒಂದು ಇರುವೆ ಬಂಡೆಯ ಬಿರುಕಿನ ಗುಂಟ ಹೋಗುವುದನ್ನು ನೋಡಿದಳು. ನೆರಳು ಬಂಡೆಯ ಆ ಬದಿಯಿಂದ ಈ ಬದಿಗೆ ಬಂದಿತ್ತು. ಎಷ್ಟೋ ಹೊತ್ತಿನಿಂದ ತನಗೆ ಗಂಡನ ನೆನಪೇ ಆಗಿಲ್ಲವೆಂದು ಅವಳಿಗೆ ಹೊಳೆದದ್ದು ಆಗ. ಎದೆ ಧಸಕ್ಕೆನ್ನಬಹುದೆಂದು ಕಾದಳು. ಎನ್ನಲಿಲ್ಲ. ಮರೆಯುವುದಕ್ಕೆ ಅವನೇ ಕೊಟ್ಟ ಹೊತ್ತು ಇದು. ಅವನ ತಂಗಿ, ಆ ಮೀನಾ ಮೇಡಂ, ಈ ಬೊಮ್ಮಿ, ಎಲ್ಲರೂ ಕೂಡಿ ತಂದು ತನ್ನ ಮಡಿಲಿಗೆ ಹಾಕಿದ ಹೊತ್ತು. ಯಾರಿಗೆಂದು ಗೊತ್ತಿಲ್ಲದೆ ಅವಳು ಕೂತಲ್ಲೇ ಎರಡು ಕೈ ಜೋಡಿಸಿದಳು.

"ಅಕ್ಕಾ, ಅನ್ನ ಆಗದ, ಬನ್ನಿ!" ಎಂದು ಬೊಮ್ಮಿ ಮನೆಯ ಹಿತ್ತಲಿಂದ ಕೂಗಿದಳು.

ಪುಟ್ಟಮಾದಮ್ಮ ಏಳಲಿಲ್ಲ. ತಾನು ಬೇಯಿಸದ ಅನ್ನಕ್ಕೆ ತನ್ನನ್ನು ಕರೆಯುತ್ತಿರುವ ಆ ಕೂಗನ್ನು ಇನ್ನೊಂದು ಸಲ ಕೇಳಬೇಕೆನ್ನಿಸಿ, ಸುಮ್ಮನೆ ಕೂತಿದ್ದಳು.